ಅಕ್ಕನ ಖಾಲಿ ಹೊಟ್ಟೆ ಮತ್ತು ಬೆಂಗಳೂರಿನ ಆ್ಯಪ್

ಆರೋಗ್ಯದ ಬಗ್ಗೆ ಬುದ್ಧಿ ಹೇಳುವವರು ಮೊದಲಿನಿಂದಲೂ ಇದ್ದರು. ಮದುವೆ ಮನೆಯಲ್ಲಿ ಎರಡನೇ ಸಲ ಪಾಯಸ ಹಾಕಿಸಿಕೊಂಡರೆ "ವಯಸ್ಸಾಯ್ತಲ್ಲ, ಸ್ವಲ್ಪ ನೋಡ್ಕಂಡು" ಎನ್ನುವ ದೂರದ ನೆಂಟರು, ಬಸ್ಸಿನಲ್ಲಿ ಪಕ್ಕದಲ್ಲಿ ಕೂತು ನಮ್ಮ ಕಣ್ಣಿನ ಕೆಳಗಿನ ಕಪ್ಪು ನೋಡಿ ಲಿವರಿನ ವಿಷಯ ಎತ್ತುವ ಅಪರಿಚಿತರು, ಇಂಥವರನ್ನೆಲ್ಲ ಸಹಿಸಬಹುದು. ಯಾಕೆಂದರೆ ಅವರಿಗೆ ತಿರುಗಿಸಿ ಹೇಳಬಹುದು. ಮೊದಲು ನಿಮ್ಮ ಹೊಟ್ಟೆ ನೋಡ್ಕೊಳ್ಳಿ ಸ್ವಾಮಿ ಎಂದರೆ ಸುಮ್ಮನಾಗುತ್ತಾರೆ. ಫೋನಿಗೆ ಏನು ಹೇಳುವುದು? ಅದಕ್ಕೆ ಹೊಟ್ಟೆಯೇ ಇಲ್ಲ. ಹೊಟ್ಟೆಯೇ ಇಲ್ಲದ ಒಂದು ವಸ್ತು, ಹೊಟ್ಟೆ ಇರುವವರು ಏನು ತಿನ್ನಬೇಕು, ಎಷ್ಟು ಹೊತ್ತಿಗೆ ತಿನ್ನಬೇಕು ಎಂದು ಟಿಂಗ್ ಎಂದು ಸದ್ದು ಮಾಡಿ ಅಪ್ಪಣೆ ಕೊಡುತ್ತದೆ. ನಾವು ಓದಿದವರು, ತಿಂಗಳ ಸಂಬಳದವರು, ತಲೆ ಬಗ್ಗಿಸಿ ಕೇಳುತ್ತೇವೆ. ನಾವು ಕೇಳುವುದಷ್ಟೇ ಆಗಿದ್ದರೆ ಹಾಳಾಗಿ ಹೋಗಲಿ ಅನ್ನಬಹುದಿತ್ತು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನಮ್ಮ ಅಕ್ಕಂದಿರಿಗೂ "ಇದು ಹೇಳಿದ ಹಾಗೆ ಕೇಳು" ಎಂದು ಬೇರೆ ಹೇಳಿಕೊಡುತ್ತೇವೆ. ನಾನು ಹೇಳಿಕೊಟ್ಟೆ. ಅದರಿಂದ ಏನಾಯಿತು ಎಂದು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ನಾನು ಅರಸೀಕೆರೆಯ ಒಂದು ಕಾಲೇಜಿನ ಕಚೇರಿಯಲ್ಲಿ ಸೂಪರಿಂಟೆಂಡೆಂಟ್. ಬಿಡುವಿದ್ದಾಗ, ಇಲ್ಲದಾಗಲೂ, ಜಾಲತಾಣದಲ್ಲಿ ಬರೆಯುತ್ತೇನೆ. ಓದುವವರು ನನ್ನನ್ನು ನೇರ ಮಾತಿನ ಮನುಷ್ಯ ಎನ್ನುತ್ತಾರೆ. ನನ್ನ ಹೆಂಡತಿ ಲಲಿತ ಬೇರೆ ಮಾತು ಬಳಸುತ್ತಾಳೆ. ನನ್ನ ಅಕ್ಕ ಜಯಮ್ಮ ಇರುವುದು ಹಗರೆಯಲ್ಲಿ. ನನಗಿಂತ ಹನ್ನೊಂದು ವರ್ಷ ದೊಡ್ಡವಳು, ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಹೀಗಾಗಿ ನಾನು ಐವತ್ತು ದಾಟಿದ್ದರೂ ಅವಳ ಕಣ್ಣಿಗೆ ಇನ್ನೂ ಮೂಗು ಒರೆಸಬೇಕಾದ ಮಂಜ. ಅವಳಿಗೆ ನಾಲ್ಕು ಹಸು, ಒಂದಿಷ್ಟು ತೆಂಗು, ರಾಗಿ ಹೊಲ, ಮತ್ತು ಯಾವ ಮಾತನ್ನೂ ಕೆಳಗೆ ಬೀಳಲು ಬಿಡದ ಒಬ್ಬ ಗಂಡ, ಅಂದರೆ ನಮ್ಮ ಭಾವ. ಮೂರು ವರ್ಷದಿಂದ ಇದರ ಜೊತೆಗೆ ಸಕ್ಕರೆ ಕಾಯಿಲೆಯೂ ಸೇರಿದೆ. ಶನಿವಾರ ಸಂಜೆ ನಾನು ಹಳೇಬೀಡಿನ ಬಸ್ಸು ಹತ್ತಿ, ಅಲ್ಲಿಂದ ಇನ್ನೊಂದು ಹಿಡಿದು ಅವಳ ಮನೆಗೆ ಹೋಗಿ, ಭಾನುವಾರ ಇದ್ದು ಬರುತ್ತೇನೆ. ಅಮ್ಮ ಹೋದ ಮೇಲೆ ನನಗೆ ತವರು ಅಂತ ಇರುವುದು ಅದೊಂದೇ. ಗಂಡಸರಿಗೂ ತವರು ಇರುತ್ತದೆ, ಒಪ್ಪಿಕೊಳ್ಳುವವರು ಕಡಿಮೆ ಅಷ್ಟೇ.

ಕಳೆದ ವರ್ಷ ಬೆಂಗಳೂರಿನ ಒಂದು ಸಂಸ್ಥೆಯವರು ನಮ್ಮ ಕಡೆ ಸಕ್ಕರೆ ಕಾಯಿಲೆಯವರಿಗೆ ರಕ್ತ ನೋಡುವ ಪುಟ್ಟ ಮಿಷನ್ನು ಮತ್ತು ಅದರ ಪಟ್ಟಿಗಳನ್ನು ಪುಕ್ಕಟೆ ಕೊಡುತ್ತಾರೆ ಎಂದು ಸುದ್ದಿಯಾಯಿತು. ಶರತ್ತು ಇಷ್ಟೇ, ಅವರ ಆ್ಯಪ್ ಹಾಕಿಸಿಕೊಳ್ಳಬೇಕು. ದಿನಾ ಬೆಳಗ್ಗೆ ಬೆರಳು ಚುಚ್ಚಿದರೆ ಮಿಷನ್ನಿನ ಲೆಕ್ಕ ತಾನಾಗಿ ಫೋನಿಗೆ ಹೋಗಿ, ಅಲ್ಲಿಂದ ಬೆಂಗಳೂರಿನಲ್ಲಿ ಕೂತ ಡಾಕ್ಟರಿಗೆ ಹೋಗಿ, ಅವರು ಅಲ್ಲಿಂದಲೇ ಮಾತ್ರೆ ಹೇಳುತ್ತಾರೆ. ಕೈಪಿಡಿಯ ಮೊದಲ ಪುಟದಲ್ಲೇ 'ಮನುಷ್ಯಕೇಂದ್ರಿತ ವಿನ್ಯಾಸ' ಎಂದು ದಪ್ಪ ಅಕ್ಷರದಲ್ಲಿ ಹಾಕಿದ್ದರು. ಅಂದರೆ ಮನುಷ್ಯರನ್ನು ನಡುವೆ ಕೂರಿಸಿಕೊಂಡು, ಅವರನ್ನು ಕೇಳಿ ಕೇಳಿ ಮಾಡಿದ್ದು. ಎಷ್ಟು ಒಳ್ಳೆಯ ಮಾತು. ನಾನು ಅದನ್ನು ಅಕ್ಕನಿಗೆ ಓದಿ ಹೇಳಿ, ನನ್ನ ಹಳೆಯ ಫೋನನ್ನು ಅವಳಿಗೆ ಕೊಟ್ಟು, ಆ್ಯಪನ್ನು ನಾನೇ ಕೈಯಾರೆ ಹಾಕಿಕೊಟ್ಟೆ.

ಹಾಕುವಾಗಲೇ ನನಗೆ ಬುದ್ಧಿ ಬರಬೇಕಿತ್ತು. ಅಕ್ಕನ ಮನೆಯಲ್ಲಿ ರೇಷನ್ ಕಾರ್ಡಿನಿಂದ ಹಿಡಿದು ಗ್ಯಾಸಿನವರೆಗೆ ಎಲ್ಲವೂ ಭಾವನ ನಂಬರಿನಲ್ಲಿದೆ. ಅದನ್ನೇ ಕೊಟ್ಟೆ. ಭಾವ ಆ ಹೊತ್ತಿಗೆ ತಮ್ಮ ಬಟನ್ ಫೋನು ಜೇಬಿನಲ್ಲಿಟ್ಟುಕೊಂಡು ಕೊಬ್ಬರಿ ಮಾರಲು ಅರಸೀಕೆರೆಗೆ ಹೋಗಿದ್ದರು. ಫೋನ್ ಮಾಡಿ, "ಭಾವ, ನಿಮ್ಗೊಂದು ಓಟಿಪಿ ನಂಬರ್ ಬಂದಿರುತ್ತೆ, ಓದಿ ಹೇಳಿ" ಎಂದೆ. "ಬಂದೈತೆ ಕಣಪ್ಪ, ತಡಿ ಕನ್ನಡ್ಕ ಹಾಕ್ಕತ್ತೀನಿ" ಎಂದರು. ಕನ್ನಡಕ ಸಿಕ್ಕಿ, ಮೂಗಿಗೆ ಏರಿ, ಅಂಕಿಗಳು ಒಂದೊಂದಾಗಿ ಹೊರಬರುವ ಹೊತ್ತಿಗೆ ಓಟಿಪಿಯ ಅವಧಿ ಮುಗಿದಿತ್ತು. ಇನ್ನೊಂದು ತರಿಸಿದೆ. ಅದೂ ಮುಗಿಯಿತು. ಮೂರನೆಯದಕ್ಕೆ ಭಾವ ರೇಗಿದರು. "ಅದ್ಯಾಕಂತೆ ಅಷ್ಟು ಅವಸ್ರ ಅದ್ಕೆ? ನಂಬರ್ರೇನು ಹಾಲಾ, ಕೆಟ್ಟೋಗಕ್ಕೆ?" ನಾನು ಆಗ ನಕ್ಕೆ. ಈಗ ಯೋಚಿಸಿದರೆ ಆ ಆ್ಯಪಿನ ಬಗ್ಗೆ ಯಾರಾದರೂ ಕೇಳಿದ ಮೊದಲ ಸರಿಯಾದ ಪ್ರಶ್ನೆ ಅದು.

ನಾಲ್ಕನೆಯದು ಹೇಗೋ ಹೊತ್ತಿಗೆ ಸರಿಯಾಗಿ ಸಿಕ್ಕಿ ಒಳಗೆ ಹೋದರೆ ಊಟದ ಪಟ್ಟಿ. ನೀವು ಇಂದು ಏನು ತಿಂದಿರಿ, ಚಿತ್ರ ಒತ್ತಿ. ಓಟ್ಸ್ ಇತ್ತು. ಹಾಲಿನಲ್ಲಿ ಹಾಕುವ ಚೂರುಚೂರು ಜೋಳದ ತಿಂಡಿ ಇತ್ತು. ಹಸಿರು ಬಣ್ಣದ ಬೆಣ್ಣೆಹಣ್ಣಿನ ಅರ್ಧ ಹೋಳು ಇತ್ತು. ಅಕ್ಕ ಅದನ್ನು ನೋಡಿ "ಇದ್ಯಾವ್ ಕಾಯ್ಲಾ, ಬೀಜ ಇಷ್ಟ್ ದಪ್ಪ ಐತೆ?" ಎಂದು ಕೇಳಿದಳು. ಮುದ್ದೆ ಇರಲಿಲ್ಲ. ಹಾಸನ ಜಿಲ್ಲೆಯ ಜನಕ್ಕೆಂದು ಮಾಡಿದ ಆ್ಯಪಿನಲ್ಲಿ ಮುದ್ದೆ ಇರಲಿಲ್ಲ ಸ್ವಾಮಿ. ದಿನಕ್ಕೆ ಎರಡು ಹೊತ್ತು ಮುದ್ದೆ ನುಂಗುವ ಹೆಂಗಸು ಏನನ್ನು ಒತ್ತಬೇಕು? ನಾನು ಹುಡುಕಿ ಹುಡುಕಿ, ಆಕಾರದಲ್ಲಿ ಹತ್ತಿರವಿದೆ ಎಂದು ಲಡ್ಡು ಒತ್ತಿದೆ. ಕೂಡಲೇ ಕೆಂಪು ದೀಪ ಉರಿದು, ನಿಮ್ಮ ಆಹಾರ ಅಪಾಯಕಾರಿ ಎಂದು ಬಂತು. ಆಮೇಲೆ ಇಡ್ಲಿ ಒತ್ತುವುದೆಂದು ಅಕ್ಕ ತಮ್ಮ ಇಬ್ಬರೂ ಒಪ್ಪಂದ ಮಾಡಿಕೊಂಡೆವು. ಹೀಗೆ ನಮ್ಮಕ್ಕ ಬೆಂಗಳೂರಿನ ದಾಖಲೆಯಲ್ಲಿ ಒಂದು ವರ್ಷ ಕಾಲ ಎರಡು ಹೊತ್ತೂ ಇಡ್ಲಿ ತಿಂದಳು.

ನಡಿಗೆಯ ಕಥೆ ಕೇಳಿ. ಆ ಆ್ಯಪು ಹೆಜ್ಜೆ ಎಣಿಸುತ್ತದೆ. ಎಣಿಸಬೇಕಾದರೆ ಫೋನು ಮೈಮೇಲಿರಬೇಕು. ಕೊಟ್ಟಿಗೆಗೆ, ಹೊಲಕ್ಕೆ, ಸಗಣಿ ಬಾಚುವಲ್ಲಿಗೆ ಫೋನು ಒಯ್ಯುವವರು ಯಾರು? ಸೀರೆಗೆ ಜೇಬಿಲ್ಲ ಎನ್ನುವುದು ಆ ವಿನ್ಯಾಸ ಮಾಡಿದ ಜಾಣರಿಗೆ ತಿಳಿದಿರಲಿಲ್ಲವೇನೋ. ಅಕ್ಕ ಫೋನನ್ನು ದೇವರ ಗೂಡಿನ ಪಕ್ಕ ಇಟ್ಟು, ಬೆಳಗಿನಿಂದ ಸಂಜೆಯವರೆಗೆ ಹಾಲು ಕರೆದು, ಹುಲ್ಲು ಕೊಯ್ದು ತಂದು, ನೀರು ಹೊತ್ತು, ರಾತ್ರಿ ಮಲಗುವ ಮುಂಚೆ ನೋಡಿದರೆ ಅದು, 'ನೀವು ಇಂದು ಹದಿನಾಲ್ಕು ಹೆಜ್ಜೆ ನಡೆದಿದ್ದೀರಿ, ಸೋಮಾರಿತನ ಬಿಡಿ' ಎಂದು ಬರೆದಿರುತ್ತಿತ್ತು. ಆ ಹದಿನಾಲ್ಕು ಹೆಜ್ಜೆಯೂ ಬಹುಶಃ ಭಾವ ಅದನ್ನು ಚಾರ್ಜಿಗೆ ಹಾಕಲು ಒಯ್ದದ್ದು. ಭಾವನಿಗೆ ಇದು ಸಿಕ್ಕಿದ್ದೇ ತಡ, "ಗೌರಿ ಕೊರಳಿಗೆ ಕಟ್ಟೇ ಅದ್ನ, ನಿನಗಿಂತ ಅದೇ ಜಾಸ್ತಿ ನಡೀತದೆ" ಎಂದರು. ಗೌರಿ ಎಂದರೆ ಹಸು. ಅಕ್ಕ ತಿರುಗಿ, "ನಿಮ್ ಕೊರಳಿಗೆ ಕಟ್ತೀನಿ, ಅಷ್ಟಾದ್ರೂ ಎದ್ದು ಓಡಾಡ್ತೀರ" ಎಂದಳು.

ಇದೆಲ್ಲ ನಗುವ ಮಾತಾಯಿತು. ನಗುವ ಮಾತಲ್ಲದ್ದು ಬೇರೆ ಇತ್ತು. ಅಕ್ಕನ ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆ ದಿನಾ ಇನ್ನೂರರ ಆಚೆ ಬರುತ್ತಿತ್ತು. ಆ್ಯಪು ಪ್ರತಿ ಬೆಳಗ್ಗೆ 'ತಿಂಡಿಗೆ ಮುಂಚೆ ನೋಡಿದಿರಾ?' ಎಂದು ಕೇಳುತ್ತಿತ್ತು. ಅಕ್ಕ ಹೌದು ಎಂದು ಒತ್ತುತ್ತಿದ್ದಳು. ಸುಳ್ಳಲ್ಲ, ಅವಳು ತಿಂಡಿ ತಿನ್ನುವುದೇ ಹತ್ತು ಗಂಟೆಗೆ. ಹಾಲು ಕರೆದು, ಡೈರಿಗೆ ಹಾಕಿ, ಹುಲ್ಲು ತಂದು, ಆಮೇಲೆ ಅವಳ ಹೊಟ್ಟೆಯ ವಿಚಾರ. ಬೆಂಗಳೂರಿನ ಡಾಕ್ಟರು, ಅವರ ಮುಖವನ್ನು ನಾವು ಯಾರೂ ಕಂಡಿರಲಿಲ್ಲ, ಈ ಅಂಕಿಗಳನ್ನು ನೋಡಿ ಮಾತ್ರೆ ಏರಿಸಿದರು. ಆದರೂ ಇಳಿಯಲಿಲ್ಲ. ಇನ್ನೊಂದು ಸಲ ಏರಿಸಿದರು. 'ನಿಮ್ಮ ಔಷಧಿಯನ್ನು ಪರಿಷ್ಕರಿಸಲಾಗಿದೆ' ಎಂದು ಆ್ಯಪಿನಲ್ಲಿ ಬರುತ್ತಿತ್ತು. ನಾನು ಅರಸೀಕೆರೆಯಿಂದ ಆ ಮಾತ್ರೆ ಕೊಂಡು ಒಯ್ಯುತ್ತಿದ್ದೆ. ಅಕ್ಕ ಮೊದಮೊದಲು ಸುಮ್ಮನಿದ್ದಳು. ಆಮೇಲೆ ಒಂದು ಭಾನುವಾರ, "ಯಾಕೋ ಬೆಳಗ್ಗೆ ಕೈ ಎಲ್ಲ ನಡುಗ್ತದೆ ಕಣೋ, ಬೆವರು ಬೇರೆ" ಎಂದಳು. ನಾನು ಏನೆಂದೆ ಗೊತ್ತೆ? "ಸಕ್ಕರೆ ಅಷ್ಟು ಏರಿದ್ರೆ ಇನ್ನೇನಾಗುತ್ತೆ, ಮಾತ್ರೆ ಸರಿಯಾಗಿ ತಗೋ" ಎಂದೆ. ನಾನು ಡಾಕ್ಟರಲ್ಲ. ಆದರೆ ಕೈಯಲ್ಲಿ ಆ್ಯಪು ಇದ್ದವನಿಗೆ ಅಷ್ಟು ಧೈರ್ಯ ತಾನಾಗಿ ಬರುತ್ತದೆ.

ಒಂದು ಬುಧವಾರ ಬೆಳಗ್ಗೆ ನಾನು ಆಫೀಸಿಗೆ ಹೊರಡುತ್ತಿದ್ದೆ. ಒಂಬತ್ತು ಗಂಟೆ ಇರಬಹುದು. ಫೋನು ಟಿಂಗ್ ಎಂದಿತು. ಅಕ್ಕನ ಆ್ಯಪಿನಲ್ಲಿ 'ಕುಟುಂಬದ ಸದಸ್ಯ' ಎಂದು ನನ್ನ ಹೆಸರನ್ನೂ ಸೇರಿಸಿಕೊಂಡಿದ್ದೆ, ಅಂಕಿಗಳು ನನಗೂ ಬರುತ್ತಿದ್ದವು. ತೆರೆದರೆ ತೆರೆಯ ತುಂಬ ಬಣ್ಣಬಣ್ಣದ ಬಲೂನು ಮೇಲಕ್ಕೆ ಹಾರುತ್ತಿವೆ. 'ಅಭಿನಂದನೆಗಳು. ಜಯಮ್ಮ ಅವರು ತಮ್ಮ ಗುರಿ ತಲುಪಿದ್ದಾರೆ. ಸಕ್ಕರೆ ಮಟ್ಟ: 51.' ಐವತ್ತೊಂದು. ಇನ್ನೂರ ಹತ್ತರಿಂದ ಐವತ್ತೊಂದು. ನನಗೆ ಎಷ್ಟು ಸಂತೋಷವಾಯಿತೆಂದರೆ ಅಡುಗೆಮನೆಗೆ ಹೋಗಿ ಲಲಿತಳಿಗೆ ತೋರಿಸಿದೆ. ಆ್ಯಪಿನಲ್ಲಿ 'ಚಪ್ಪಾಳೆ ತಟ್ಟಿ' ಎಂದು ಒಂದು ಗುಂಡಿ ಇತ್ತು, ಅದನ್ನು ಒತ್ತಿದೆ. ಎರಡು ಸಲ ಒತ್ತಿದೆ. ಹತ್ತು ನಿಮಿಷಕ್ಕೆ ಭಾವನ ಫೋನು ಬಂತು. "ನಿಮ್ಮಕ್ಕ ಡೈರಿ ಹತ್ರ ಬಿದ್ದೋಗವ್ಳೆ ಕಣಪ್ಪ. ಬಾ ಬೇಗ."

ಆ ದಿನ ಡೈರಿಯಲ್ಲಿ ಕರೆಂಟು ಹೋಗಿ ಹಾಲು ನೋಡುವ ಮಿಷನ್ನು ನಿಂತು, ಸಾಲು ಒಂಬತ್ತರವರೆಗೆ ಎಳೆದಿತ್ತು. ಅಕ್ಕ ಆ್ಯಪು ಹೇಳಿದಂತೆ ಆರಕ್ಕೆ ಮಾತ್ರೆ ನುಂಗಿ ಹಾಲಿನ ಕ್ಯಾನು ಹಿಡಿದು ನಿಂತವಳು, ಬೆವತು, ಮಾತು ತೊದಲಿ, ಕ್ಯಾನಿನ ಸಮೇತ ಕೆಳಗೆ ಕೂತಳಂತೆ, ಆಮೇಲೆ ವಾಲಿದಳಂತೆ. ಸಾಲಿನಲ್ಲಿದ್ದವರಲ್ಲಿ ಒಬ್ಬರು ಗಾಳಿ ಎಂದರಂತೆ, ಇನ್ನೊಬ್ಬರು ಕಣ್ಣು ಬಿದ್ದಿದೆ ಎಂದರಂತೆ. ಭಾವ ಮನೆಗೆ ಓಡಿ ಮಿಷನ್ನು, ಫೋನು ಎರಡನ್ನೂ ತಂದು ಬೆರಳು ಚುಚ್ಚಿ ನೋಡುವಾಗಲೇ ಬಲೂನು ಹಾರಿದ್ದು. ಡೈರಿಯ ಸೆಕ್ರೆಟ್ರಿ ಹೆಂಗಸು, ಅವಳ ಅತ್ತೆಗೂ ಇದೇ ಕಾಯಿಲೆಯಂತೆ, ಐವತ್ತೊಂದು ಎಂದು ಕೇಳಿದ್ದೇ, "ಅಯ್ಯೋ ಇಳ್ದೋಗೈತೆ, ಬೆಲ್ಲ ತನ್ರೋ" ಎಂದು ಪಕ್ಕದ ಅಂಗಡಿಯಿಂದ ಬೆಲ್ಲ ತರಿಸಿ, ಇನ್ನೂ ಎಚ್ಚರ ಇದ್ದ ಅಕ್ಕನನ್ನು ಎತ್ತಿ ಕೂರಿಸಿ, ನೀರಿನಲ್ಲಿ ಕರಗಿಸಿ ಸ್ವಲ್ಪ ಸ್ವಲ್ಪವೇ ಕುಡಿಸಿದಳು. ಅಕ್ಕ ಉಳಿದದ್ದು ಅವಳಿಂದ. ಅವಳ ಕೈಯಲ್ಲಿ ಯಾವ ಆ್ಯಪೂ ಇರಲಿಲ್ಲ.

ನಾನು ಹೋಗುವ ಹೊತ್ತಿಗೆ ಅಕ್ಕನನ್ನು ಆಸ್ಪತ್ರೆಗೆ ಸೇರಿಸಿ, ಕೈಗೆ ಗ್ಲೂಕೋಸು ಹಾಕಿದ್ದರು. ಅಲ್ಲಿನ ಡಾಕ್ಟರು ಮಾತ್ರೆಯ ಚೀಟಿ ನೋಡಿ, "ಇಷ್ಟು ಡೋಸು ತಗೊಂಡು, ಹತ್ತು ಗಂಟೆವರ್ಗೂ ಏನೂ ತಿನ್ದೆ ಇದ್ರೆ ಬೀಳ್ದೆ ಇನ್ನೇನು? ಯಾರು ಕೊಟ್ಟಿದ್ದು ಇದು?" ಎಂದು ಕೇಳಿದರು. ಭಾವ ನನ್ನ ಕಡೆ ನೋಡಿದರು. ಅಕ್ಕನೇ, "ಅವ್ನೇನ್ ಮಾಡ್ತಾನೆ ಬಿಡಿ ಸಾ, ಫೋನು ಹೇಳ್ದಂಗೆ ಮಾಡವ್ನೆ" ಎಂದು ಮಲಗಿದ್ದಲ್ಲಿಂದಲೇ ನನ್ನ ಪರ ವಹಿಸಿದಳು. ಆ ಮಾತು ಬೈಗುಳಕ್ಕಿಂತ ಜೋರಾಗಿ ತಗುಲಿತು.

ತಗುಲಿದ್ದನ್ನು ನಾನು ಯಾರ ಮೇಲೆ ತೀರಿಸಿಕೊಳ್ಳಬೇಕು? ಆಸ್ಪತ್ರೆಯ ಬೆಂಚಿನ ಮೇಲೇ ಕೂತು ಬರೆದೆ. ಆ ಮುದ್ದೆ ಇಲ್ಲದ ಪಟ್ಟಿ, ಆ ಹದಿನಾಲ್ಕು ಹೆಜ್ಜೆ, ಆ ಬಲೂನು, ಒಂದನ್ನೂ ಬಿಡಲಿಲ್ಲ. ಪ್ರಜ್ಞೆ ತಪ್ಪುವಂತಿದ್ದ ಹೆಂಗಸಿಗೆ ಅಭಿನಂದನೆ ಹೇಳುವ ಯಂತ್ರವನ್ನು ಮಾಡಿದವರು ಯಾವ ಮನುಷ್ಯನನ್ನು ಕೇಂದ್ರದಲ್ಲಿ ಕೂರಿಸಿದ್ದರು, ಅವನ ಊರು ಯಾವುದು, ಅವನಿಗೆ ಹಸು ಇದೆಯೇ ಎಂದು ಕೇಳಿದೆ. ಯಾರೋ ಓದುಗರು ಕೆಳಗೆ ಬರೆದರು, ಆ ಸಂಸ್ಥೆಯವರು ಎರಡು ವರ್ಷದ ಹಿಂದೆ ಬೇಲೂರಿಗೆ ಬಂದು, ದೇವಸ್ಥಾನ ನೋಡಿಕೊಂಡು, ಬಾಗಿಲ ಹತ್ತಿರವಿದ್ದ ಗೈಡುಗಳಿಗೇ ಫೋನು ಕೊಟ್ಟು ಒತ್ತಿಸಿ ನೋಡಿ ಹೋಗಿದ್ದರು ಎಂದು. ನನಗೆ ಇನ್ನೂ ಉರಿಯಿತು. ನಾಲ್ಕು ಭಾಷೆಯಲ್ಲಿ ಕಂಬದ ಕೆತ್ತನೆ ವಿವರಿಸುವ ಗೈಡು ಯಾವ ಗುಂಡಿಯನ್ನು ಬೇಕಾದರೂ ಒತ್ತುತ್ತಾನೆ. ಅವನು ಬೆಳಗ್ಗೆ ಎಂಟಕ್ಕೆ ದೋಸೆ ತಿನ್ನುತ್ತಾನೆ. ಅವನ ಪ್ಯಾಂಟಿಗೆ ಜೇಬಿದೆ.

ಆ ಬರಹ ನಾಲ್ಕೂ ಕಡೆ ಓಡಾಡಿತು. ಮೂರನೇ ದಿನಕ್ಕೆ ಒಬ್ಬಳು ಹುಡುಗಿ ಫೋನ್ ಮಾಡಿದಳು. ಹೆಸರು ಮೇಘನಾ, ಆ ಆ್ಯಪಿನ ವಿನ್ಯಾಸದ ತಂಡದವಳು. ನಾನು ಬೈಗುಳ ಜೋಡಿಸಿಟ್ಟುಕೊಂಡೆ. ಅವಳು, "ಸರ್, ತುಂಬಾ ಸಾರಿ. ಲೋ ಶುಗರ್‌ಗೆ ಬಲೂನ್ ಹೋಗಿರೋದು ನಮ್ದೇ ತಪ್ಪು. ಅದನ್ನ ನಿನ್ನೇನೇ ತೆಗೆದ್ವಿ. ಆದ್ರೆ ಒಂದು ಅರ್ಥ ಆಗ್ತಿಲ್ಲ. ಅಷ್ಟು ಮಾತ್ರೆ ತಗೊಂಡ್ರೂ ಬೆಳಗ್ಗೆ ಅಷ್ಟೊಂದು ಯಾಕಿತ್ತು? ನಾನು ಅವರ ಮನೇಲಿ ಒಂದು ಬೆಳಗ್ಗೆ ಇರ್ಬೋದಾ?" ಎಂದಳು. ತಪ್ಪನ್ನು ಮೊದಲೇ ಒಪ್ಪಿಕೊಂಡವರನ್ನು ಬಯ್ಯುವುದು ಕಷ್ಟ. ಬನ್ನಿ ಎಂದೆ. ಬಂದರೆ ಎದುರಿಗೆ ಬಯ್ಯಬಹುದು ಎಂಬ ಆಸೆ ಒಂದು ಉಳಿದಿತ್ತು.

ಶನಿವಾರ ಸಂಜೆ ಅವಳು ಬೆನ್ನಿಗೆ ಒಂದು ಚೀಲ ಹಾಕಿಕೊಂಡು ಬಸ್ಸಿನಲ್ಲಿ ಬಂದು ಇಳಿದಳು. ಕಾರಿನಲ್ಲಿ ಬರುತ್ತಾಳೆ ಎಂದು ಅಂದುಕೊಂಡು ಅದರ ಬಗ್ಗೆಯೂ ಎರಡು ಸಾಲು ಯೋಚಿಸಿಟ್ಟಿದ್ದೆ, ದಂಡವಾಯಿತು. ಊಟಕ್ಕೆ ಮುದ್ದೆ, ಹುರುಳಿಕಾಳಿನ ಸಾರು. ಅವಳು ಮುದ್ದೆಯನ್ನು ಅಗಿಯುವುದನ್ನು ನೋಡಿ ಭಾವ, "ಅಗೀಬಾರ್ದು ಕಣಮ್ಮ, ನುಂಗು. ಇಲ್ದಿದ್ರೆ ನಿನ್ ಪಟ್ಟೀಲಿ ಹೆಂಗ್ ಬರ್ಕೊತೀಯ?" ಎಂದರು. ಮಾರನೇ ದಿನ ಮೇಘನಾ ಐದು ಗಂಟೆಗೆ ಎದ್ದು ಕೊಟ್ಟಿಗೆಯ ಮುಂದಿನ ಕಟ್ಟೆಯ ಮೇಲೆ ಕೂತಳು. ಕೈಯಲ್ಲಿ ಪುಸ್ತಕವೂ ಇಲ್ಲ, ಪೆನ್ನೂ ಇಲ್ಲ. ಪ್ರಶ್ನೆಯನ್ನೂ ಕೇಳಲಿಲ್ಲ. ಸುಮ್ಮನೆ ಅಕ್ಕ ಮಾಡುವುದನ್ನು ನೋಡುತ್ತಾ ಕೂತಳು. ನನಗೆ ಇದೆಂಥ ಕೆಲಸ, ಇದಕ್ಕೂ ಸಂಬಳ ಕೊಡುತ್ತಾರಾ ಎನಿಸಿತು.

ಅಕ್ಕ ಮೊದಲು ಒಲೆ ಹಚ್ಚಿ ಟೀ ಇಟ್ಟಳು. ಗಟ್ಟಿ ಹಾಲು, ಒಂದು ಹಿಡಿ ಸಕ್ಕರೆ. ನಾಲ್ಕು ಲೋಟ. ನನಗೊಂದು, ಭಾವನಿಗೊಂದು, ಮೇಘನಾಗೊಂದು, ತನಗೊಂದು. "ಕುಡ್ಕೊಳಮ್ಮ, ಖಾಲಿ ಹೊಟ್ಟೇಲಿ ಎಷ್ಟೊತ್ತು ಕೂತಿರ್ತೀಯ" ಎಂದಳು. ತಾನು ಕುಡಿದು, ಲೋಟದ ತಳದಲ್ಲಿ ಉಳಿದ ಸಕ್ಕರೆಯನ್ನು ಬೆರಳಿನಿಂದ ನೆಕ್ಕಿ, ಕೈ ತೊಳೆದು, ಮಿಷನ್ನು ತೆಗೆದಳು. "ತಡಿ, ಖಾಲಿ ಹೊಟ್ಟೇದು ನೋಡ್ಬಿಡ್ತೀನಿ. ಆಮೇಲೆ ಹಾಲು ಕರೀಬೇಕು" ಎಂದು ಬೆರಳಿಗೆ ಸೂಜಿ ಹಿಡಿದಳು.

ಮೇಘನಾ ತನ್ನ ಲೋಟವನ್ನು ನಿಧಾನವಾಗಿ ಕೆಳಗಿಟ್ಟಳು. "ಅಮ್ಮ, ದಿನಾ ಹೀಗೇನಾ? ಟೀ ಕುಡಿದು ನೋಡೋದಾ?"

"ಹೂಂ ಕಣವ್ವ. ತಿಂಡಿಗ್ ಮುಂಚೆ ಅಂತ ಹೇಳೈತಲ್ಲ. ತಿಂಡಿ ಹತ್ ಗಂಟೆಗೆ."

"ಟೀಗೆ ಸಕ್ಕರೆ ಹಾಕಿದ್ರಲ್ಲಮ್ಮ."

"ಟೀ ಏನ್ ಊಟನಾ ತಾಯಿ? ಬಾಯಿ ಬೆಚ್ಚಗೆ ಮಾಡ್ಕೊಳಕ್ಕೆ ಕುಡಿಯೋದು. ಟೀ ಕುಡಿದ್ರೆ ಹೊಟ್ಟೆ ತುಂಬ್ತದಾ?"

ನಮ್ಮ ಕಡೆ ಯಾರನ್ನು ಬೇಕಾದರೂ ಕೇಳಿ. ಬೆಳಗ್ಗೆ ಎರಡು ಲೋಟ ಟೀ ಕುಡಿದ ಮನುಷ್ಯ ಹತ್ತು ಗಂಟೆಗೆ "ಬೆಳಗ್ಗೆಯಿಂದ ಏನೂ ಬಾಯಿಗೆ ಹಾಕಿಲ್ಲ" ಎಂದು ಆಣೆ ಮಾಡಿ ಹೇಳುತ್ತಾನೆ, ಮತ್ತು ಅವನು ಸುಳ್ಳು ಹೇಳುತ್ತಿಲ್ಲ. ವ್ರತ ಇರುವವರೂ ಟೀ ಕುಡಿಯುತ್ತಾರೆ. ಅನ್ನ, ಮುದ್ದೆ, ರೊಟ್ಟಿ ಒಳಗೆ ಹೋಗುವ ತನಕ ಹೊಟ್ಟೆ ಖಾಲಿ. ಇದು ನಮಗೆ ಎಷ್ಟು ಸಹಜವೆಂದರೆ, ಒಂದು ವರ್ಷ ಪ್ರತಿ ಭಾನುವಾರ ಅದೇ ಕಟ್ಟೆಯ ಮೇಲೆ, ಅದೇ ಹೊತ್ತಿಗೆ, ಅದೇ ಟೀ ಕುಡಿಯುತ್ತಾ ಅಕ್ಕ ಬೆರಳು ಚುಚ್ಚುವುದನ್ನು ನೋಡಿದ ನನಗೆ, ಡಿಗ್ರಿ ಓದಿದ, ಆಫೀಸು ನಡೆಸುವ, ಜಾಲತಾಣದಲ್ಲಿ ಊರಿಗೆಲ್ಲ ಬುದ್ಧಿ ಹೇಳುವ ನನಗೆ, ಒಂದು ದಿನವೂ ಅದು ಕಣ್ಣಿಗೆ ಬೀಳಲಿಲ್ಲ. ಬೆಂಗಳೂರಿನ ಹುಡುಗಿಗೆ ಅರ್ಧ ಗಂಟೆಯಲ್ಲಿ ಬಿತ್ತು.

ನಾನು ಸುಲಭಕ್ಕೆ ಬಿಡುವವನಲ್ಲ. "ಅದನ್ನ ನೀವು ಮೊದ್ಲೇ ಕೇಳ್ಬೇಕಿತ್ತು. ಟೀ ಕುಡಿದ್ರಾ ಅಂತ ಒಂದು ಪ್ರಶ್ನೆ ಇಡಕ್ಕೆ ಏನಾಗಿತ್ತು?" ಎಂದು ದಬಾಯಿಸಿದೆ. ಮೇಘನಾ, "ನಿಜ ಸರ್, ಕೇಳ್ಬೇಕಿತ್ತು. ನಮಗೆ ಹೊಳೀಲಿಲ್ಲ" ಎಂದಳು. ನಂತರ, ಕೇಳಲೋ ಬೇಡವೋ ಎಂಬಂತೆ, "ನೀವು ಜೊತೇಲಿ ಕುಡೀತಿದ್ರಲ್ಲ ಸರ್, ನಿಮಗೂ ಹೊಳೀಲಿಲ್ವಾ?" ಎಂದು ಕೇಳಿದಳು. ಚುಚ್ಚಬೇಕೆಂದು ಕೇಳಿದ್ದಲ್ಲ, ಅವಳ ಮುಖದಲ್ಲಿ ಅದಿರಲಿಲ್ಲ, ತಿಳಿದುಕೊಳ್ಳುವುದಕ್ಕೇ ಕೇಳಿದ್ದಳು. ಭಾವ ಲೋಟದೊಳಗೆ ಮುಖ ಹಾಕಿಕೊಂಡು ಕೆಮ್ಮಿದರು.

ಆ ದಿನ ಮಧ್ಯಾಹ್ನದವರೆಗೆ ಅಕ್ಕ ಮತ್ತು ಮೇಘನಾ ಒಟ್ಟಿಗೆ ಕೂತು ಮಾತಾಡಿದರು. ನನ್ನನ್ನು ಯಾರೂ ಕರೆಯಲಿಲ್ಲ. ಅವರ ತೀರ್ಮಾನಗಳು ಇವು: ಅಕ್ಕ ಎದ್ದ ಕೂಡಲೇ ಮೊದಲು ಬೆರಳು, ಆಮೇಲೆ ಒಲೆ. ಮಾತ್ರೆಯ ಹೊತ್ತನ್ನು ಆ್ಯಪು ನಿರ್ಧರಿಸುವುದಲ್ಲ. ಡೈರಿಯಿಂದ ಬಂದು ತಟ್ಟೆ ಮುಂದೆ ಕೂತಾಗ ನುಂಗುವುದೆಂದು ಆಸ್ಪತ್ರೆಯ ಡಾಕ್ಟರು ಹೇಳಿದ್ದನ್ನೇ ಆ್ಯಪೂ ಕೇಳಬೇಕು. ಅಂಕಿ ಎಪ್ಪತ್ತಕ್ಕಿಂತ ಕೆಳಗೆ ಬಂದರೆ ಫೋನು ಬಲೂನು ಹಾರಿಸುವುದಲ್ಲ, ಬಾಯಿ ಬಿಟ್ಟು ಕನ್ನಡದಲ್ಲಿ ಬೆಲ್ಲ ಕೊಡಿ ಎಂದು ಕೂಗಬೇಕು. ಅಕ್ಕ ಅದಕ್ಕೂ ತಿದ್ದುಪಡಿ ಕೊಟ್ಟಳು. "ಬಿದ್ದಿರೋಳಿಗೆ ಹೇಳಿದ್ರೆ ಏನ್ ಬಂತು? ಪಕ್ಕದಲ್ಲಿರೋರಿಗೆ ಹೇಳ್ಬೇಕು. ಜೋರಾಗಿ. ನಮ್ ಡೈರಿ ಸೆಕ್ರೆಟ್ರಿ ಕೂಗ್ತಾಳಲ್ಲ, ಹಂಗೆ." ಜೊತೆಗೆ ಇನ್ನೊಂದು. ಒಂದು ಮನೆಗೆ ಒಂದು ಫೋನು, ಆದರೆ ಬೆರಳು ಹಲವಾರು. ಒಂದೇ ಫೋನಿನಲ್ಲಿ ಮನೆಯವರೆಲ್ಲರ ಲೆಕ್ಕ ಬೇರೆಬೇರೆ ಇರಬೇಕು. ಮೇಘನಾ ತಲೆ ಅಲ್ಲಾಡಿಸುತ್ತಾ ಬರೆದುಕೊಂಡಳು. ಸಂಜೆ ಅವಳನ್ನು ಬಸ್ಸು ಹತ್ತಿಸುವಾಗ ಅಕ್ಕ ಅವಳ ಚೀಲಕ್ಕೆ ಎರಡು ತೆಂಗಿನಕಾಯಿ ಹಾಕಿ, "ಮುಂದಿನ್ ಸಲ ಬತ್ತೀಯಲ್ಲ, ಮುದ್ದೆ ನುಂಗದು ಕಲ್ತ್ಕಂಡ್ ಬಾ" ಎಂದಳು. ಆ ಹುಡುಗಿಯ ಮೇಲೆ ಬರೆಯಬೇಕೆಂದಿದ್ದ ನನ್ನ ಎರಡನೇ ಭಾಗ ಬರೆಯದೇ ಉಳಿಯಿತು.

ಹೊಸ ಆ್ಯಪು ಎರಡು ತಿಂಗಳ ಮೇಲೆ ಬಂತು. ಆಸ್ಪತ್ರೆಯ ಡಾಕ್ಟರು ಮಾತ್ರೆ ಇಳಿಸಿದರು. ಟೀಗೆ ಮುಂಚೆ ನೋಡಿದ ಅಕ್ಕನ ಅಂಕಿ ನೂರಿಪ್ಪತ್ತರ ಆಸುಪಾಸು ನಿಂತಿತು. ನಡುಕವಿಲ್ಲ, ಬೆವರಿಲ್ಲ. ಊಟದ ಪಟ್ಟಿಯಲ್ಲಿ ಮುದ್ದೆಯ ಚಿತ್ರ ಬಂದಿದೆ, ಬಣ್ಣ ಸ್ವಲ್ಪ ತಿಳಿಯಾಯಿತು ಎಂದು ಅಕ್ಕನ ಆಕ್ಷೇಪಣೆ. ನಾನೂ ಹುಡುಕಿದೆ, ಕೋಪ ಮಾಡಿಕೊಳ್ಳಲು ಏನಾದರೂ ಉಳಿದಿದೆಯೇ ಎಂದು. ಹಾಗೆ ಹುಡುಕುತ್ತಾ ಕಟ್ಟೆಯ ಮೇಲೆ ಕೂತಿದ್ದ ಒಂದು ಭಾನುವಾರ ಬೆಳಗ್ಗೆ, ಅಕ್ಕ ಭಾವನ ಬೆರಳು ಚುಚ್ಚಿ ಮುಗಿಸಿ ನನ್ನ ಕಡೆ ತಿರುಗಿದಳು.

"ಕೊಡು ಇಲ್ಲಿ ಕೈಯ."

"ನಂಗೇನಿಲ್ಲ ಬಿಡು ಅಕ್ಕ."

"ನಂಗೂ ಏನಿಲ್ಲ ಅಂತಲೇ ಇದ್ದೆ ನಾನು. ಕೊಡೋ."

ಇನ್ನೂರ ನಾಲ್ಕು. ನಾನು ಮಿಷನ್ನು ಹಳೆಯದು ಎಂದೆ. ಪಟ್ಟಿಯ ಅವಧಿ ಮುಗಿದಿರಬೇಕು ಎಂದೆ. ಕೈಗೆ ಏನೋ ಸಿಹಿ ಅಂಟಿರಬಹುದು ಎಂದೆ. ಅಕ್ಕ ಸೋಪು ಹಾಕಿ ಕೈ ತೊಳೆಸಿ ಮತ್ತೆ ಚುಚ್ಚಿದಳು. ಇನ್ನೂರ ಏಳು. ಆ್ಯಪು, 'ಟೀ, ಕಾಫಿ, ಹಾಲು ಏನಾದರೂ ಕುಡಿದಿರಾ?' ಎಂದು ಹೊಸದಾಗಿ ಸೇರಿಸಿದ್ದ ಪ್ರಶ್ನೆ ಕೇಳಿತು. ಒಲೆಯನ್ನು ಇನ್ನೂ ಹಚ್ಚಿರಲಿಲ್ಲ. ಇಲ್ಲ ಎಂದು ಒತ್ತದೆ ಬೇರೆ ದಾರಿ ಇರಲಿಲ್ಲ. "ಬರಿ ಬಾಮೈದ, ಈಗ್ ಬರಿ, ಯಾರ್ ಮೇಲೆ ಬರೀತೀಯ ನೋಡಣ" ಎಂದರು ಭಾವ. ಅಕ್ಕ ತನ್ನ ಫೋನಿನಲ್ಲಿ, ತನ್ನ ಮತ್ತು ಭಾವನ ಹೆಸರಿನ ಕೆಳಗೆ, ಮಂಜ ಎಂದು ಸೇರಿಸಿದಳು. ಆಸ್ಪತ್ರೆಗೂ ಅವಳೇ ಕರೆದುಕೊಂಡು ಹೋಗಿ, ನನಗೂ ಒಂದು ಮಿಷನ್ನು ಕೊಡಿಸಿದಳು.

ಅಂದಿನಿಂದ ದಿನಾ ಬೆಳಗ್ಗೆ ಆರಕ್ಕೆ ಅವಳ ಫೋನು. "ನೋಡ್ಕಂಡ್ಯಾ?" ನಾನು ಒಂದು ಉಪಾಯ ಕಂಡುಕೊಂಡಿದ್ದೆ. ಐದೂವರೆಗೇ ಎದ್ದು, ಲಲಿತ ಏಳುವ ಮುಂಚೆ, ನಾನೇ ಟೀ ಮಾಡಿಕೊಂಡು ಕುಡಿದುಬಿಡುತ್ತಿದ್ದೆ. "ಛೆ, ಟೀ ಕುಡಿದ್ಬಿಟ್ಟೆನಲ್ಲ ಅಕ್ಕ, ನಾಳೆ ನೋಡ್ತೀನಿ." ಸುಳ್ಳು ಹೇಳಿದಂತಲ್ಲ, ಸೂಜಿಯೂ ತಪ್ಪಿತು. ಮೂರು ವಾರ ನನ್ನ ಹೊಟ್ಟೆ ಒಂದು ಬೆಳಗ್ಗೆಯೂ ಯಾರಿಗೂ ಖಾಲಿ ಸಿಗಲಿಲ್ಲ. ಇವತ್ತು ಎದ್ದು ಅಡುಗೆಮನೆಗೆ ಹೋದರೆ ಟೀಪುಡಿಯ ಡಬ್ಬಿ ಜಾಗದಲ್ಲಿಲ್ಲ, ಹಾಲಿನ ಪ್ಯಾಕೆಟ್ಟೂ ಇಲ್ಲ. ಹುಡುಕುತ್ತಾ ನಡುಮನೆಗೆ ಬಂದರೆ ಲಲಿತ ಕುರ್ಚಿಯಲ್ಲಿ ಕೂತಿದ್ದಳು, ಮುಂದೆ ಮಿಷನ್ನು, ಕೈಯಲ್ಲಿ ಸೂಜಿ, ಕಿವಿಗೆ ಫೋನು. "ಹೂಂ ಅತ್ಗೆ, ಎದ್ರು. ಇಲ್ಲ, ಇನ್ನೂ ಏನೂ ಕುಡ್ದಿಲ್ಲ. ಇಲ್ಲೇ ನಿಂತವ್ರೆ, ತಡೀರಿ, ಕೈ ಹಿಡ್ಕೊತೀನಿ."